ಗೂಗಲ್ ಇಲ್ಲದ ಫೋನು, ಕೊಟ್ಟಿಗೆಹಾರದ ದಾರಿ

ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಒಳಗೆ ‘ಬಿಲ್ಡ್ ನಂಬರ್’ ಅಂತ ಒಂದು ಸಾಲಿರುತ್ತದೆ. ಅದರ ಮೇಲೆ ಏಳು ಸಲ ಬೆರಳಿಂದ ಕುಟ್ಟಿದರೆ ‘ನೀವೀಗ ಡೆವಲಪರ್’ ಅಂತ ಬರುತ್ತದೆ. ಅದನ್ನು ನೋಡಿ ನಮ್ಮಪ್ಪ ಕೇಳಿದ್ದು ಒಂದೇ ಮಾತು: “ಹಾಗಾದ್ರೆ ನಿನ್ನ ತಮ್ಮನಿಗೆ ನಾಲ್ಕು ವರ್ಷ ಹಾಸನದಲ್ಲಿ ಫೀಸ್ ಕಟ್ಟಿದ್ದು ಯಾಕೋ?”

ತಮ್ಮ ಕೇಳಿಸದವನಂತೆ ಕೇಬಲ್ ಹುಡುಕುತ್ತಿದ್ದ. ಈ ಹುಚ್ಚು ಹತ್ತಿಸಿದವನೇ ಅವನು. ಚಿಕ್ಕಮಗಳೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಹಳೇ ಫೋನ್ ಮಲಗಿತ್ತು. ಸ್ಕ್ರೀನ್ ಸರಿಯಿದೆ, ಬ್ಯಾಟರಿ ಪರವಾಗಿಲ್ಲ, ಅಪ್‌ಡೇಟ್ ಬರೋದು ಮಾತ್ರ ನಿಂತು ಯಾವ ಕಾಲವಾಯಿತೋ. “ಅಣ್ಣಾ, ಇದಕ್ಕೆ ಲಿನಿಯೇಜ್ ಓಎಸ್ ಹಾಕೋಣ. ಗೂಗಲ್ ಇರಲ್ಲ. ನೀನು ಎಲ್ಲಿಗೆ ಹೋದೆ, ಏನು ಹುಡುಕಿದೆ, ಯಾರೂ ಲೆಕ್ಕ ಇಡಲ್ಲ” ಎಂದ.

ಲಿನಿಯೇಜ್ ಅಂದರೆ ಫೋನ್ ಕಂಪನಿ ಕೊಟ್ಟ ಸಿಸ್ಟಮ್ ಬದಲಿಗೆ ಹಾಕಿಕೊಳ್ಳುವ ಇನ್ನೊಂದು ಆ್ಯಂಡ್ರಾಯ್ಡ್. ಇಂಥ ಸಿಸ್ಟಮ್‌ಗಳು ಹಲವು ಇವೆ. ಸಯನೋಜೆನ್‌ಮಾಡ್ ಅಂತ ಒಂದಿತ್ತು. 2016ರ ಡಿಸೆಂಬರ್‌ನಲ್ಲಿ ಅದು ಬಾಗಿಲು ಹಾಕಿದಾಗ ಅದರ ಕೋಡ್ ಇಟ್ಟುಕೊಂಡು ಮುಂದುವರಿಸಿದ್ದೇ ಲಿನಿಯೇಜ್. ಗ್ರಫೀನ್ ಓಎಸ್ ಇನ್ನೂ ಬಿಗಿ, ಆದರೆ ಅದು ಪಿಕ್ಸೆಲ್ ಫೋನುಗಳಿಗೆ ಮಾತ್ರ. ಗೂಗಲ್‌ನಿಂದ ತಪ್ಪಿಸಿಕೊಳ್ಳೋಕೆ ಮೊದಲು ಗೂಗಲ್‌ನದೇ ಫೋನ್ ಕೊಳ್ಳಬೇಕು! ಲಿನಿಯೇಜ್‌ನಲ್ಲಿ ಒಂದೊಂದು ಫೋನಿಗೂ ಒಂದೊಂದು ಅಡ್ಡಹೆಸರು. ರೆಡ್‌ಮಿ ನೋಟ್ 7 ಅಂದರೆ ಲ್ಯಾವೆಂಡರ್. ಒನ್‌ಪ್ಲಸ್ 6 ಅಂದರೆ ಎಂಚಿಲಾಡ, ಮೆಕ್ಸಿಕೋದ ಒಂದು ತಿಂಡಿ. ನಮ್ಮ ಕಡೆ ಯಾರಾದರೂ ಹೆಸರಿಟ್ಟಿದ್ದರೆ ಇವತ್ತು ಜಗತ್ತಿನಾದ್ಯಂತ ಜನ ತಮ್ಮ ಫೋನಿಗೆ ಕಡುಬಿನ ಫೈಲ್ ಹುಡುಕುತ್ತಿದ್ದರು.

ಫೋನ್ ಆನ್ ಆದಾಗ ಸಿಸ್ಟಮ್ಮನ್ನು ಎಬ್ಬಿಸುವುದು ಬೂಟ್‌ಲೋಡರ್. ಬೇರೆ ಸಿಸ್ಟಮ್ ಹಾಕಲು ಅದರ ಬೀಗ ತೆಗೆಯಬೇಕು, ತೆಗೆದರೆ ಫೋನಿನಲ್ಲಿರೋದೆಲ್ಲ ಅಳಿಸಿಹೋಗುತ್ತದೆ. ಅಮ್ಮ ದಾಸವಾಳದ ಫೋಟೋಗಳನ್ನೆಲ್ಲ ಬೇರೆ ಕಡೆ ಹಾಕಿಸಿಕೊಂಡ ಮೇಲೇ ಒಪ್ಪಿದ್ದು.

ಹೊರಗೆ ಜುಲೈ ಮಳೆ. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿದೆ, ವೈರ್ ಇದ್ದರೆ ಮಾತ್ರ ಜೀವ. ಹೊಸ ಸಿಸ್ಟಮ್ ಫೋನಿಗೆ ಕಳಿಸಲು ತಮ್ಮ ಕಮ್ಯಾಂಡ್ ಕೊಟ್ಟ. ಹತ್ತು ಪರ್ಸೆಂಟ್, ಇಪ್ಪತ್ತು ಪರ್ಸೆಂಟ್. ಲೈಟು ಒಮ್ಮೆ ಮಿಣುಕಿತು. ಎಲ್ಲರೂ ಬಲ್ಬ್ ನೋಡಿದೆವು. ನಲವತ್ತೇಳಕ್ಕೆ ಬಂದು ನಿಂತಿತು. ನಿಂತೇ ಬಿಟ್ಟಿತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ‘ಕಮ್ಯಾಂಡ್ ಓದಲು ಆಗಲಿಲ್ಲ: ಯಶಸ್ವಿ’ ಅಂತ ಅದರ ಅರ್ಥ.

“ಪಾಸೋ ಫೇಲೋ?” ಎಂದರು ಅಪ್ಪ.

ಅಷ್ಟರಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಕಪ್ಪಾಯಿತು. ತಮ್ಮ ಮೊಬೈಲ್ ಬೆಳಕಿನಲ್ಲಿ ಲಿನಿಯೇಜ್‌ನವರ ಸೂಚನೆಯನ್ನು ಮತ್ತೆ ಓದಿದ. ಕೆಲವು ಸಲ ನಲವತ್ತೇಳಕ್ಕೇ ನಿಂತು ಹೀಗೇ ಬರೆಯುತ್ತದೆ, ಗಾಬರಿ ಬೇಡ, ಕೆಲಸ ಆಗಿದೆ ಅಂತ ಅವರೇ ಬರೆದಿದ್ದಾರೆ! ಅಪ್ಪ ನಂಬಲಿಲ್ಲ. ನಲವತ್ತೇಳಕ್ಕೆ ಸೆಕೆಂಡ್ ಕ್ಲಾಸೂ ಬರಲ್ಲ ಎಂದು ಮಲಗಲು ಹೋದರು. ಫೋನ್ ಮಾತ್ರ ಕತ್ತಲಲ್ಲೇ ಹೊಸ ಲೋಗೋ ತೋರಿಸುತ್ತಾ ಎದ್ದು ಕೂತಿತು.

ನಿಜ ಹೇಳಬೇಕೆಂದರೆ ಫೋನ್ ಚೆನ್ನಾಗಿದೆ. ಬೇಡದ ಆ್ಯಪ್ ಇಲ್ಲ, ಜಾಹೀರಾತಿಲ್ಲ, ಒತ್ತಿದ ಕೂಡಲೇ ತೆರೆಯುತ್ತದೆ. ಆ್ಯಪ್‌ಗಳಿಗೆ ಎಫ್-ಡ್ರಾಯ್ಡ್ ಇದೆ. 2010ರಿಂದ ನಡೆಯುತ್ತಿರುವ ಅಂಗಡಿ, ಎಲ್ಲ ಪುಕ್ಕಟೆ. ತಕರಾರು ಶುರುವಾಗಿದ್ದು ಬ್ಯಾಂಕಿನ ಆ್ಯಪ್‌ನಿಂದ. ಬೀಗ ತೆಗೆದ ಫೋನ್ ಅಂತ ಪತ್ತೆಹಚ್ಚಿ, ‘ಈ ಫೋನ್ ಸುರಕ್ಷಿತವಲ್ಲ’ ಎಂದು ಮುಚ್ಚಿಕೊಂಡಿತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಹಳೇ ಸಿಸ್ಟಮ್ ಇದ್ದಾಗ ಇದೇ ಆ್ಯಪ್ ತೆಪ್ಪಗೆ ದುಡ್ಡು ಕಳಿಸುತ್ತಿತ್ತು. ಹೊಸ ಅಪ್‌ಡೇಟ್ ಹಾಕಿದ ಮೇಲೆ ಅಪಾಯವಂತೆ. ಯಾವ ನ್ಯಾಯ ಇದು?

ಹೋಗಲಿ, ಕ್ಯಾಶ್ ಇಟ್ಟುಕೊಂಡರಾಯಿತು ಅಂದುಕೊಂಡೆ. ಆಗಲೇ ಹೆಂಡತಿಯ ಚಿಕ್ಕಪ್ಪನ ಗೃಹಪ್ರವೇಶ ಬಂತು, ಕಳಸದ ದಾರಿಯಲ್ಲಿ. ಅವಳು ಹಿಂದಿನ ದಿನವೇ ಹೋಗಿದ್ದಳು. ನಾನು ಬೈಕಿನಲ್ಲಿ ಹೊರಟೆ. ಫೋನಿನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಇತ್ತು. ಮೊದಲೇ ಡೌನ್‌ಲೋಡ್ ಮಾಡಿದರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ, ಮಲೆನಾಡಿಗೆ ಹೇಳಿಮಾಡಿಸಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಜನರೇ ಬಿಡಿಸಿ ಸೇರಿಸಿದ ರಸ್ತೆಗಳು ಅದರಲ್ಲಿರುತ್ತವೆ. ಚಿಕ್ಕಪ್ಪನ ತೋಟದ ದಾರಿಯನ್ನು ಬಿಡಿಸುವ ಪುಣ್ಯಾತ್ಮ ಇನ್ನೂ ಹುಟ್ಟಿರಲಿಲ್ಲ ಅಷ್ಟೆ.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ ಪಕ್ಕದವರನ್ನು ಕೇಳಿದೆ.

“ಓ, ಆ ಹೊಸ ಮನೆಯಾ? ನೀವೇನಾಗ್ಬೇಕು ಅವ್ರಿಗೆ?”

“ಅಳಿಯ.”

“ಯಾವೂರು? ಯಾರ ಮಗ? ತೋಟ ಇದ್ಯಾ? ಅರೇಬಿಕಾನಾ, ರೋಬಸ್ಟಾನಾ? ಎಷ್ಟು ಮೂಟೆ ಆಯ್ತು ಈ ಸಲ? ಮಕ್ಕಳು?”

ಎಲ್ಲಕ್ಕೂ ಉತ್ತರ ಕೊಟ್ಟೆ. ಕೊಡದೆ ದಾರಿ ಹೇಳುವಂತೆ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ಗೂಗಲ್ ನನ್ನ ಮೂಟೆ ಲೆಕ್ಕ ಕೇಳಿರಲಿಲ್ಲ, ನೋಡಿ. ಕೊನೆಗೆ ನೋಟು ಕೊಟ್ಟು ಚಿಲ್ಲರೆಗೆ ಕಾಯುವಾಗ ಮತ್ತೊಂದು ಬಂತು.

“ಸ್ಕ್ಯಾನ್ ಮಾಡ್ಬಹುದಿತ್ತಲ್ಲ ಮಾರಾಯ್ರೆ?”

“ಬ್ಯಾಂಕಿನ ಆ್ಯಪ್ ನಡೀತಾ ಇಲ್ಲ.”

“ಹೌದಾ...” ಎಂದು ಎಳೆದರು. ನನ್ನ ಒಡೆದ ಕವರಿನ ಹಳೇ ಫೋನನ್ನೂ ಒಮ್ಮೆ ನೋಡಿದರು. ಆಮೇಲೆ ಬಹಳ ಮೆತ್ತಗೆ ದಾರಿ ಹೇಳಿದರು.

ಹೊಸ ಮನೆ ತಲುಪಿ ಬೈಕ್ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಮಾವ ಓಡಿ ಬಂದರು. ಚಪ್ಪರದ ಹಿಂದೆ ಕರೆದುಕೊಂಡು ಹೋದರು.

“ಅಳಿಯಂದ್ರೆ, ಕೊಟ್ಟಿಗೆಹಾರದಿಂದ ಫೋನ್ ಬಂದಿತ್ತು. ಬ್ಯಾಂಕಲ್ಲಿ ಏನೋ ಬ್ಲಾಕ್ ಆಗಿದೆಯಂತೆ. ಕಾಫಿಗೆ ಈ ರೇಟ್ ಇರೋವಾಗ್ಲೂ ಹಿಂಗಾ? ನಾಚ್ಕೋಬೇಡಿ, ಎಷ್ಟು ಬೇಕು ಹೇಳಿ.”

ನಾನು ಬೂಟ್‌ಲೋಡರ್‌ನಿಂದ ಶುರುಮಾಡಿ, ಓಪನ್ ಸೋರ್ಸ್ ಅಂದರೇನು, ಬ್ಯಾಂಕ್ ಆ್ಯಪ್ ಯಾಕೆ ಮುನಿಸಿಕೊಳ್ಳುತ್ತದೆ ಅನ್ನೋವರೆಗೆ ಎಲ್ಲ ಬಿಡಿಸಿ ಹೇಳಿದೆ. ಮಾವ ಪೂರ್ತಿ ಕೇಳಿಸಿಕೊಂಡರು. ಹೆಗಲ ಮೇಲೆ ಕೈ ಇಟ್ಟು, “ಆಯ್ತು ಬಿಡಿ, ನಾನಂತೂ ಯಾರಿಗೂ ಹೇಳಲ್ಲ” ಎಂದರು.