ಮೊಲಕ್ಕೆ ಇಳಿದದ್ದು ಮನುಷ್ಯನಿಗೆ ಇಳಿಯಬೇಕಲ್ಲ
ಗುಗ್ಗುಳ, ಅಂದರೆ ಧೂಪಕ್ಕೆ ಹಾಕುವ ಗಿಡದ ಅಂಟು, ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು ನಿಮ್ಮ ಲೇಖನ ಹೇಳಿದೆ. ಹಾಗೆನ್ನಲು ಲೇಖಕರು 1966ರ ಬನಾರಸ್ ಪ್ರಯೋಗವೊಂದನ್ನೇ ಹಿಡಿದಿದ್ದಾರೆ. ಸುಶ್ರುತ ಹೇಳಿದ ಮೇದೋರೋಗದ (ಮೈಯಲ್ಲಿ ಕೊಬ್ಬು ಹೆಚ್ಚಾಗುವ ಕಾಯಿಲೆ) ಜಾಡು ಹಿಡಿದು ಸಂಶೋಧಕಿ ಸತ್ಯವತಿಯವರು ಅಲ್ಲಿ ಮಾಡಿದ ಕೆಲಸ ದೊಡ್ಡದೇ. ಆದರೆ ಅದು ಮೊಲಗಳ ಮೇಲೆ ಸ್ವಾಮಿ! 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಪರೀಕ್ಷೆ ನಡೆಸಿದಾಗ, ಗುಗ್ಗುಳ ತಗೊಂಡವರ ಕೆಟ್ಟ ಕೊಲೆಸ್ಟ್ರಾಲ್ ಅಂದರೆ ಎಲ್‌ಡಿಎಲ್ ಶೇ 4–5ರಷ್ಟು ಏರಿತ್ತು. ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರದು ಶೇ 5 ಇಳಿದಿತ್ತು. ಕೆಲವರಿಗೆ ಮೈಮೇಲೆ ದದ್ದು ಬೇರೆ. ಇದನ್ನೇಕೆ ಬಿಟ್ಟಿರಿ?

ನಮ್ಮಪ್ಪನೂ ಯಾರದೋ ಮಾತು ಕೇಳಿ, ಡಾಕ್ಟರ್ ಕೊಟ್ಟ ಮಾತ್ರೆ ಬದಿಗಿಟ್ಟು ಮೂರು ತಿಂಗಳು ಗುಗ್ಗುಳ ನುಂಗಿದರು. 128 ಇದ್ದ ಎಲ್‌ಡಿಎಲ್ 171 ಆಯ್ತು. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಪಂಚಾಂಗದೊಳಗೆ ಬಚ್ಚಿಟ್ಟಿದ್ದರು, ಅಮ್ಮನ ಕೈಗೇ ಸಿಕ್ಕಿತು. ಈಗ ನಮ್ಮನೇಲಿ ಗುಗ್ಗುಳ ಶುಕ್ರವಾರದ ಧೂಪಕ್ಕೆ ಮಾತ್ರ.