ಹೆಸರು ಬೆಳೆದ ಹೊಲಕ್ಕೆ ಹೆಸರಿಲ್ಲ

ಗೋಕುಲದ ಕಡೆಯ ಎರಿ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಎರಡು, ಎರಡೂವರೆ ತಿಂಗಳಿಗೆ ಕಾಯಿ ಕಪ್ಪಾಗಿ ಬಿಡಿಸಲು ಬರುತ್ತದೆ. ಅದೇ ನೆಲದಲ್ಲಿ ಸರ್ಕಾರವೂ ಒಂದು ಹೆಸರು ಬಿತ್ತಿತು. ಅದರ ಕಥೆಯೇ ಬೇರೆ.

ಹುಬ್ಬಳ್ಳಿ ವಿಮಾನ ನಿಲ್ದಾಣ ಅನ್ನುವುದು ಟಿಕೆಟ್ಟಿನ ಮೇಲಿನ ಮಾತು. ಅಲ್ಲಿಗೆ ಹೋಗುವ ರಸ್ತೆ ಗೋಕುಲ ರೋಡ್, ಊರು ಗೋಕುಲ. ಈ ಊರಿನ ಹೆಸರು ರಸ್ತೆಗೆ ಸಿಕ್ಕಿದೆ, ಬಸ್ ಸ್ಟ್ಯಾಂಡಿಗೂ ಸಿಕ್ಕಿದೆ. ವಿಮಾನದ ವಿಷಯ ಬಂದಾಗ ಮಾತ್ರ ಊರನ್ನು ಯಾರೂ ಕೇಳಲಿಲ್ಲ.

1974ರಲ್ಲಿ ಲೋಕೋಪಯೋಗಿ ಇಲಾಖೆ ಇಲ್ಲಿ ವಿಮಾನ ಇಳಿಯಲು ಜಾಗ ಮಾಡಿತು. ಆ ಇಲಾಖೆಗೆ ಗೊತ್ತಿರುವುದು ರಸ್ತೆ. ಹಂಗಾಗಿ ಒಂದು ನೆಟ್ಟಗಿನ ರಸ್ತೆ ಮಾಡಿದರು, ಎರಡೂ ತುದಿಗೆ ಊರು ಜೋಡಿಸೋದನ್ನ ಮರೆತರು ಅಂತ ನಮ್ಮ ಕಾಕಾ ಹೇಳುತ್ತಿದ್ದರು. ಮುಂದೆ ಕಂಪನಿಗಳು ಬಂದವು, ಕೆಲ ದಿನ ಹಾರಿದವು, ರೆಕ್ಕೆ ಮಡಚಿಕೊಂಡು ಹೋದವು. ರನ್‌ವೇ ಇದ್ದದ್ದೇ ಸುಮಾರು 1,670 ಮೀಟರ್. ಸಣ್ಣ ವಿಮಾನವಾದರೆ ಸರಿ, ದೊಡ್ಡದು ಇಳಿದರೆ ಜೋಳದ ಹೊಲಕ್ಕೆ ಹೋಗಿ ನಿಲ್ಲಬೇಕು. 2023ರಲ್ಲಿ ನಮ್ಮ ರೈಲ್ವೆ ಸ್ಟೇಷನ್ನಿನಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯಿತಲ್ಲ, ಜಗತ್ತಿಗೇ ಉದ್ದದ್ದು ಅಂತ? ಅದನ್ನೇ ಮೊದಲು ಕಟ್ಟಿ ಇನ್ನೊಂಚೂರು ಎಳೆದಿದ್ದರೆ ವಿಮಾನಗಳನ್ನೂ ಅಲ್ಲೇ ಇಳಿಸಬಹುದಿತ್ತು. ಕೂಲಿಗಳಿಗೂ ಒಂದಿಷ್ಟು ಕೆಲಸ ಸಿಗುತ್ತಿತ್ತು.

ಆದರೆ ಸರ್ಕಾರ ರನ್‌ವೇಯನ್ನೇ ಉದ್ದ ಮಾಡಿತು. ಅದಕ್ಕೆ ನೆಲ ಬೇಕು. 600 ಎಕರೆಗೂ ಜಾಸ್ತಿ ಹೋಯಿತು. ಈಗ ರನ್‌ವೇ 2,600 ಮೀಟರ್. 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ಲೂ ಶುರುವಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಶಿಮ್ಲಾದಲ್ಲಿ ಉಡಾನ್ ಯೋಜನೆಗೆ ಚಾಲನೆ ಕೊಟ್ಟ ಪ್ರಧಾನಿ, ಹವಾಯಿ ಚಪ್ಪಲಿ ಹಾಕುವವರೂ ಹವಾಯಿ ಜಹಾಜಿನಲ್ಲಿ ಓಡಾಡಬೇಕು ಎಂದಿದ್ದರು. ಕಾಕಾ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ತಂಗಿಯ ಮಗನನ್ನು ಬೆಂಗಳೂರಿಗೆ ಕಳಿಸಲು ಹೋದಾಗ ಹೊಸ ಹವಾಯಿ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೋದರು. ಬಾಗಿಲಲ್ಲಿ ಟಿಕೆಟ್ ಕೇಳಿದರು. ಕಾಕಾ ಕಾಲು ತೋರಿಸಿದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ, ಅದು ಎಲ್ಲಾ ಕಡೆ ಇರುವ ನಿಯಮ ಅಂತ ನಾನು ಎಳೆದು ತಂದೆ. ಹೊರಗೆ ಬಂದರೆ ಪಾರ್ಕಿಂಗ್ ಚೀಟಿ.

"ತಮ್ಮಾ, ಇಲ್ಲೇ ನಮ್ಮ ಬಾಂದು ಇತ್ತು ನೋಡು. ನಮ್ಮ ಹೊಲದಾಗ ಗಾಡಿ ನಿಲ್ಲಸಾಕ ನಾವ ರೊಕ್ಕ ಕೊಡಬೇಕನ?"

"ಕೊಡಬೇಕ್ರಿ ಕಾಕಾ. ಈಗ ಹೊಲ ಅಲ್ರಿ ಇದು."

"ಹೌದಪಾ. ಹೊಲ ಇದ್ದಾಗ ಇಷ್ಟ ಫಸಲ ಬಂದಿದ್ದಿಲ್ಲ."

ಇನ್ನು ಆ ಇನ್ನೊಂದು ಹೆಸರು. 2023ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಒಂದು ನಿರ್ಣಯ ಮಾಡಿತು. ಹುಬ್ಬಳ್ಳಿ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣ, ಬೆಳಗಾವಿಗೆ ಕಿತ್ತೂರು ರಾಣಿ ಚನ್ನಮ್ಮ, ಶಿವಮೊಗ್ಗಕ್ಕೆ ಕುವೆಂಪು, ವಿಜಯಪುರಕ್ಕೆ ಬಸವೇಶ್ವರ. ವಿಜಯಪುರದಲ್ಲಿ ಆಗ ವಿಮಾನವೇ ಇರಲಿಲ್ಲ. ಇರಲಿ, ತೊಟ್ಟಿಲು ಬರುವ ಮೊದಲೇ ಕೂಸಿಗೆ ಹೆಸರು ಹುಡುಕುವ ಮಂದಿ ನಾವು.

ರಾಯಣ್ಣನ ಹೆಸರಿಗೆ ಈ ಭಾಗದಲ್ಲಿ ಯಾರ ತಕರಾರೂ ಇಲ್ಲ. ಇದ್ದರೆ ಅದು ರಾಯಣ್ಣನಿಗೇ ಇರಬೇಕು. ಬ್ರಿಟಿಷರು ಅವನ ಹೊಲ ಕಸಿದುಕೊಂಡಿದ್ದರು, ಉಳಿದದ್ದಕ್ಕೆ ಭಾರಿ ಕರ ಹಾಕಿದ್ದರು. ಅವನು ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟ, ಭೂಮಿಯ ದಾಖಲೆ ಸುಟ್ಟ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಅಂಥವನ ಹೆಸರನ್ನು ರೈತರಿಂದ ತೆಗೆದುಕೊಂಡ ಹೊಲದ ಮೇಲೆ ಬರೆಯೋಣ ಅಂತ ಸರ್ಕಾರಕ್ಕೆ ಹೊಳೆದದ್ದು ನೋಡಿ! ಒಂದು ಉಪಕಾರ ಏನಂದರೆ, ಈಗ ಪಹಣಿ ಎಲ್ಲಾ ಕಂಪ್ಯೂಟರಿನಲ್ಲಿ ಇವೆ. ಸುಡಲು ಬರುವುದಿಲ್ಲ.

ಬೆಳಗಾವಿಯಲ್ಲಿ ನಿರ್ಣಯ ಆದರೆ ಮುಗಿಯಲಿಲ್ಲ. ಹೆಸರು ದೆಹಲಿಗೆ ಹೋಗಬೇಕು, ಅಲ್ಲಿ ಒಪ್ಪಬೇಕು. ಮುಂದಿನ ಮುಂಗಾರು ಬಂತು, ನಮ್ಮ ಕಡೆ ಹೆಸರು ಬಿತ್ತಿ ಕಾಯಿ ಬಿಡಿಸಿ ಎಪಿಎಂಸಿಗೂ ಹಾಕಿ ಬಂದರು. ದೆಹಲಿಯ ಹೆಸರು ಇನ್ನೂ ಹೂ ಬಿಟ್ಟಿರಲಿಲ್ಲ. ಅಡಿಗಲ್ಲು ಮಾತ್ರ ಬಲು ಜೋರು. 2024ರ ಮಾರ್ಚ್ 10ರಂದು ಪ್ರಧಾನಿ ಉತ್ತರ ಪ್ರದೇಶದ ಆಜಮ್‌ಗಢದಲ್ಲಿ ನಿಂತು ನಮ್ಮ ಇನ್ನೊಂದು ಹೊಸ ಟರ್ಮಿನಲ್ಲಿಗೆ ಅಡಿಗಲ್ಲು ಹಾಕಿದರು. ಅಷ್ಟು ದೂರದಿಂದ ಕಲ್ಲು ಬಂದು ಗೋಕುಲದಲ್ಲಿ ಇಳಿಯಿತು. ಲೇಟೂ ಆಗಲಿಲ್ಲ, ಕ್ಯಾನ್ಸಲ್ಲೂ ಆಗಲಿಲ್ಲ.

ಅಷ್ಟಕ್ಕೂ ಯಾವ ಹೆಸರು ಬಂದರೂ ಲಗೇಜಿಗೆ ಕಟ್ಟುವ ಚೀಟಿಯ ಮೇಲೆ ಇರುವುದು ಎಚ್‌ಬಿಎಕ್ಸ್, ಅಂದರೆ ವಿಮಾನದವರು ಈ ನಿಲ್ದಾಣಕ್ಕೆ ಇಟ್ಟ ಮೂರಕ್ಷರದ ಗುರುತು. 2014ರಲ್ಲಿ ಹುಬ್ಲಿ ಹೋಗಿ ಹುಬ್ಬಳ್ಳಿ ಆಯಿತು, ಚೀಟಿಗೆ ಅದು ಗೊತ್ತೇ ಇಲ್ಲ. ಕೊನೆಯ ಆ ಎಕ್ಸ್ ಯಾಕೆ ಅಂತ ಕೇಳಿದರೆ ಕಾಕಾ, "ಹೆಬ್ಬಟ್ಟು ಒತ್ತಾಕ ಜಾಗಾ ಬೇಕಲ್ಲೋ, ಅದರ ಗುರ್ತು" ಅಂದರು.

ಮೊನ್ನೆ ರೋಡಿನ ಚಹಾದ ಅಂಗಡಿಯಲ್ಲಿ ಕೂತಿದ್ದೆವು. ಮುಂದೆ ಗಿರ್ಮಿಟ್, ಪಕ್ಕಕ್ಕೆ ಎರಡು ಮಿರ್ಚಿ. ನಮ್ಮ ಕಡೆ ಮಂದಿಗೆ ಒಂದು ರೂಢಿ ಬಿದ್ದಿದೆ. ತಲೆ ಮೇಲೆ ವಿಮಾನ ಬಂದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಕಪ್ಪಿನ ಮೇಲೆ ಅಂಗೈ ಮುಚ್ಚುತ್ತಾರೆ, ಸದ್ದು ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಶುರು ಮಾಡುತ್ತಾರೆ. ನಾನು ಸುಮ್ನೆ ಕೇಳಿದೆ, "ಕಾಕಾ, ನಿಮ್ಮನ್ನ ಕೇಳಿದ್ರ ಏನ್ ಹೆಸರು ಇಡ್ತಿದ್ರಿ?"

ಕಾಕಾ ಮಿರ್ಚಿ ಕೆಳಗಿಟ್ಟರು. ಗಂಟಲು ಸರಿ ಮಾಡಿಕೊಂಡರು. "ನನ್ನ ಕೇಳಿದ್ರ..." ಅನ್ನುವಷ್ಟರಲ್ಲಿ ಬೆಂಗಳೂರಿನ ವಿಮಾನ ಬಂತು. ಅಂಗೈ ಕಪ್ಪಿನ ಮೇಲೆ ಹೋಯಿತು. ತುಟಿ ಅಲ್ಲಾಡಿದ್ದು ಕಂಡಿತು.

ಸದ್ದು ಹೋಯಿತು. "ಏನಂದ್ರಿ ಕಾಕಾ?"

"ಇನ್ನೊಂದರ್ಧಾ ಚಹಾ ಹೇಳು ಅಂದೆ."