ಅಂಕದ ಪಕ್ಕ ಕಾರಣವೂ ಇರಲಿ

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ್ದ. ಎಂ.ಎ. ಕೊನೆಯ ಸೆಮಿಸ್ಟರಿನ ಸಂಶೋಧನಾ ಪ್ರಬಂಧಕ್ಕೆ 100ಕ್ಕೆ 88 ಬಂದಿತ್ತು. ತುಂಬಾ ಖುಷಿಯಲ್ಲಿದ್ದ. "ಮಾಮ, ನೀವೂ ಒಂದ್ಸಲ ಓದಿ ಹೇಳಿ" ಅಂತ ಪ್ರಬಂಧ ಕಳಿಸಿದ. ನಾನು ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದೇನೆ. ಪ್ರಬಂಧ ತಿದ್ದುವುದು ನನ್ನ ದಿನದ ಕೆಲಸ. ಎರಡು ರಾತ್ರಿ ಕೂತು ಓದಿದೆ. "ಇಲ್ಲಿ ಆಗಿದ್ದರೆ 62 ಕೊಡ್ತಿದ್ದೆ ಕಣೋ" ಅಂದೆ. ಆ ಕಡೆಯಿಂದ ಸದ್ದೇ ಇಲ್ಲ.

ಅವನಿಗೆ ಬೇಜಾರಾಗಿದ್ದು ಸಹಜ. ಈ 62ಕ್ಕೂ ಆ 88ಕ್ಕೂ ಅಳತೆಗೋಲೇ ಬೇರೆ ಅಂತ ಮೊದಲೇ ಹೇಳಬೇಕಿತ್ತು. ಬ್ರಿಟನ್ನಿನಲ್ಲಿ ಪದವಿಗೆ 40 ಬಂದರೆ ಪಾಸು, ಎಂ.ಎ.ಗೆ ಸಾಮಾನ್ಯವಾಗಿ 50. 60 ದಾಟಿದರೆ ಒಳ್ಳೆಯ ಕೆಲಸ, 70 ದಾಟಿದರೆ ಪದವಿಯಲ್ಲಿ ಪ್ರಥಮ ದರ್ಜೆ, ಎಂ.ಎ.ಯಲ್ಲಿ ಡಿಸ್ಟಿಂಕ್ಷನ್. 80ರ ಮೇಲೆ ಹೋಗುವುದು ಅಪರೂಪ. ನಮ್ಮ ಕಡೆ ಪ್ರಾಜೆಕ್ಟಿಗೆ 80ಕ್ಕಿಂತ ಕೆಳಗೆ ಬಂದರೆ ವಿದ್ಯಾರ್ಥಿಗೆ ಮಾತ್ರ ಅಲ್ಲ, ಗೈಡಿಗೂ ಮುಜುಗರ. ಅಂಕ ಧಾರಾಳವಾಗಿ ಕೊಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅಳತೆಗೋಲು ಯಾವುದಾದರೂ ಇರಲಿ. 88 ಯಾಕೆ ಬಂತು ಅಂತ ಕೇಳಿದೆ. ಅವನಿಗೆ ಗೊತ್ತಿಲ್ಲ. ಯಾರೂ ಹೇಳಿಲ್ಲ. ನನಗೆ ನಿಜವಾಗಿ ನೋವಾಗಿದ್ದು ಅಲ್ಲಿ.

ಪ್ರಬಂಧದ ವಿಷಯ ಚೆನ್ನಾಗಿತ್ತು: ಬರಗಾಲವನ್ನು ಪತ್ರಿಕೆಗಳು ಹೇಗೆ ವರದಿ ಮಾಡುತ್ತವೆ. ಮೂರು ತಿಂಗಳ ಪತ್ರಿಕೆ ಗುಡ್ಡೆ ಹಾಕಿಕೊಂಡು 140 ಸುದ್ದಿ ಆರಿಸಿದ್ದ. ಆದರೆ ಮೊದಲ 22 ಪುಟ ಪೂರ್ತಿ ಪೀಠಿಕೆ. ಬರ ಎಂದರೇನು, ಮಾಧ್ಯಮ ಎಂದರೇನು, ಅವರು ಹೀಗೆ ಹೇಳಿದ್ದಾರೆ, ಇವರು ಹಾಗೆ ಹೇಳಿದ್ದಾರೆ. 31ನೇ ಪುಟದಲ್ಲಿ ಒಂದು ಪಟ್ಟಿ ಸಿಕ್ಕಿತು. ಸುದ್ದಿಯಲ್ಲಿ ಯಾರ ಮಾತು ಬಂದಿದೆ ಅಂತ ಎಣಿಸಿದ್ದ. ಅಧಿಕಾರಿಗಳ ಮಾತು 97 ಸುದ್ದಿಗಳಲ್ಲಿ, ರೈತರ ಮಾತು ಬರೀ 9ರಲ್ಲಿ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಇಡೀ ಪ್ರಬಂಧದ ಜೀವ ಇರುವುದು ಆ ಪಟ್ಟಿಯಲ್ಲಿ! ಅದರ ಕೆಳಗೆ ಅವನು ಬರೆದಿದ್ದು ಒಂದೇ ಸಾಲು: "ಇದರಿಂದ ಅಧಿಕಾರಿಗಳ ಹೇಳಿಕೆಗಳು ಹೆಚ್ಚಾಗಿವೆ ಎಂದು ತಿಳಿದುಬರುತ್ತದೆ." ಮುಂದಿನ ಪುಟದಲ್ಲಿ ಬೇರೆ ವಿಷಯ.

62 ಯಾಕೆ ಅಂದೆನೋ, ಅದಕ್ಕೆ ಕಾರಣ ಇದೇ ಸಾಲು. ನಾವು ಇಲ್ಲಿ ಪ್ರಬಂಧ ಓದುವಾಗ ಮುಖ್ಯವಾಗಿ ನಾಲ್ಕೈದು ವಿಷಯ ನೋಡುತ್ತೇವೆ. ಪ್ರಶ್ನೆ ಸ್ಪಷ್ಟ ಇದೆಯಾ, ಆಧಾರ ಗಟ್ಟಿ ಇದೆಯಾ, ಹಿಂದಿನವರ ಕೆಲಸದ ಜೊತೆ ವಾದಕ್ಕೆ ಇಳಿದಿದ್ದಾರಾ, ಓದುಗರಿಗೆ ದಾರಿ ತಪ್ಪದ ಹಾಗೆ ಬರೆದಿದ್ದಾರಾ, ಎಲ್ಲಿಂದ ತೆಗೆದುಕೊಂಡದ್ದು ಅಂತ ಸರಿಯಾಗಿ ತೋರಿಸಿದ್ದಾರಾ. ಇದರಲ್ಲೆಲ್ಲ ಜಾಸ್ತಿ ತೂಕ ವಾದಕ್ಕೆ. ಬರೀ ವಿವರಣೆ ಎಷ್ಟೇ ಅಚ್ಚುಕಟ್ಟಾಗಿರಲಿ, 60ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಿಕ್ಕಿದ್ದನ್ನು ಹಿಡಿದು "ಹೀಗೇಕೆ?" ಅಂತ ಕೇಳಿದ ಪ್ರಬಂಧ ಮೇಲಕ್ಕೆ ಹೋಗುತ್ತದೆ. ವರದಿಗಾರರು ಹಳ್ಳಿಗೆ ಹೋಗಲೇ ಇಲ್ಲವಾ? ಹೋಗಿಯೂ ರೈತರ ಮಾತು ಡೆಸ್ಕಿನಲ್ಲಿ ಬಿದ್ದುಹೋಯಿತಾ? ಆ 9 ಸುದ್ದಿಗಳನ್ನು ಯಾರು ಬರೆದರು? ಇದಕ್ಕೆ ಹತ್ತು ಪುಟ ಕೊಟ್ಟಿದ್ದರೆ ಕಣ್ಣುಮುಚ್ಚಿ 72 ಕೊಡುತ್ತಿದ್ದೆ.

ಇದೆಲ್ಲ ನನಗೂ ಹುಟ್ಟಿನಿಂದ ಬಂದ ತಿಳಿವಳಿಕೆ ಅಲ್ಲ. ಊರಲ್ಲಿ ಓದುವಾಗ ನನ್ನ ಪ್ರಾಜೆಕ್ಟಿಗೂ 84 ಬಂದಿತ್ತು. ಗಟ್ಟಿ ರಟ್ಟು, ಬಂಗಾರದ ಅಕ್ಷರ, ಮೂರು ಪ್ರತಿ. ವೈವಾ, ಅಂದರೆ ಮೌಖಿಕ ಪರೀಕ್ಷೆ, ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ "ಎಷ್ಟು ಪುಟ ಆಯ್ತು?" ಅಂತ. ಪ್ರತಿ ವಾಪಸು ಬರಲಿಲ್ಲ. ಬಂದಿದ್ದರೂ ಒಳಗೆ ಪೆನ್ನಿನ ಗುರುತು ಇರುತ್ತಿತ್ತಾ, ನನಗೆ ಅನುಮಾನ. ಆಮೇಲೆ ಇಲ್ಲಿಗೆ ಬಂದು ಬರೆದ ಮೊದಲ ಪ್ರಬಂಧಕ್ಕೆ 54. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅದರ ಜೊತೆ ಒಂದೂವರೆ ಪುಟದ ಟಿಪ್ಪಣಿ ಇತ್ತು. ಅಂಚಿನಲ್ಲಿ ಒಂದು ಕಡೆ "ಇದನ್ನು ನೀವು ಒಪ್ಪುತ್ತೀರಾ?" ಅಂತ ಬರೆದಿದ್ದರು. ನಾನು ಒಪ್ಪುತ್ತೇನಾ ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎರಡನೇ ಪ್ರಬಂಧವನ್ನು ಆ ಟಿಪ್ಪಣಿ ಪಕ್ಕದಲ್ಲಿ ಇಟ್ಟುಕೊಂಡೇ ಬರೆದೆ.

ಅಂಕ ಕೊಡುವವರೂ ಮನುಷ್ಯರೇ, ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ. 1912ರಲ್ಲಿ ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಸಂಶೋಧಕರು ಹೈಸ್ಕೂಲಿನ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳಿಗೆ ಕಳಿಸಿದರು. 142 ಜನ ತಿದ್ದಿದರು. ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98 ಕೊಟ್ಟಿದ್ದರು! ಅದೇ ಉತ್ತರ, ಅದೇ ಅಕ್ಷರ. ಇಲ್ಲಿ ನನ್ನ ಅಂಕವನ್ನು ಇನ್ನೊಬ್ಬರು ನೋಡುವುದು ಈ ಕಾರಣಕ್ಕೇ. ಹೆಸರಿಲ್ಲ, ಬರೀ ಸಂಖ್ಯೆ ಇರುವ ಪ್ರಬಂಧ ಓದುತ್ತೇನೆ. ದೊಡ್ಡ ಪ್ರಬಂಧವಾದರೆ ಇಬ್ಬರೂ ಬೇರೆ ಬೇರೆಯಾಗಿ ತಿದ್ದಿ, ಆಮೇಲೆ ಕೂತು ಮಾತಾಡುತ್ತೇವೆ. "ನೀವು 58, ನಾನು 67, ಯಾಕೆ?" ಅಂತ. ಕೆಲವು ಸಲ ಒಂದು ಗಂಟೆ ಹಿಡಿಯುತ್ತದೆ. ಇದರ ಮೇಲೆ ಇನ್ನೊಂದು ವಿಶ್ವವಿದ್ಯಾಲಯದ ಪರೀಕ್ಷಕರು ಕೆಲವು ಪ್ರಬಂಧ ತರಿಸಿಕೊಂಡು ನಮ್ಮ ಅಳತೆ ಸರಿ ಇದೆಯಾ ಅಂತ ನೋಡುತ್ತಾರೆ. ಈ ಪದ್ಧತಿ ಹಳೆಯದು. 1832ರಲ್ಲಿ ಸ್ಥಾಪನೆಯಾದ ಡರ್ಹಮ್ ವಿಶ್ವವಿದ್ಯಾಲಯ ಶುರುವಿನ ವರ್ಷಗಳಲ್ಲೇ ಆಕ್ಸ್‌ಫರ್ಡಿನಿಂದ ಪರೀಕ್ಷಕರನ್ನು ಕರೆಸುತ್ತಿತ್ತು. ನಮ್ಮಲ್ಲಿ "ಎಕ್ಸ್‌ಟರ್ನಲ್ ಬರ್ತಾರೆ" ಅಂತ ಹೇಳುವುದೂ ಅದೇ ಮನೆತನದ್ದು. ಆದರೆ ನಮ್ಮ ಎಕ್ಸ್‌ಟರ್ನಲ್ ಬಂದಾಗ ಒಂದೇ ದಿನ ಮೂವತ್ತು ಮಕ್ಕಳ ವೈವಾ ಮುಗಿಸಬೇಕಾಗುತ್ತದೆ. ಅವರನ್ನು ದೂರಿ ಏನು ಫಲ, ಅಲ್ವಾ?

ಹಾಗಂತ ಇಲ್ಲಿಯದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಇಲ್ಲಿಯ ವಿದ್ಯಾರ್ಥಿ "ನನಗೆ ಅಂಕ ಕಡಿಮೆ ಬಂತು, ಇನ್ನೊಬ್ಬರ ಹತ್ತಿರ ತಿದ್ದಿಸಿ" ಅಂತ ಕೇಳಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ನಿಯಮ ಪಾಲಿಸಿಲ್ಲ ಅಂತ ಬೇಕಾದರೆ ದೂರು ಕೊಡಬಹುದು. ಓದಿದವರ ತೀರ್ಮಾನವೇ ತಪ್ಪು ಅನ್ನುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರು ಕೇಳುವ ಸ್ವತಂತ್ರ ಸಂಸ್ಥೆಯೂ ಅದಕ್ಕೆ ಕೈ ಹಾಕುವಂತಿಲ್ಲ. 2004ರ ಉನ್ನತ ಶಿಕ್ಷಣ ಕಾಯ್ದೆಯಲ್ಲೇ ಹಾಗಿದೆ. ಈ ವಿಷಯದಲ್ಲಿ ನಮ್ಮ ಕಡೆಯ ವಿದ್ಯಾರ್ಥಿ ಮುಂದಿದ್ದಾನೆ. ಉತ್ತರ ಪತ್ರಿಕೆಯ ನಕಲು ಕೇಳಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನ ಅಡಿ ವಿದ್ಯಾರ್ಥಿಯ ಹಕ್ಕು ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ಸಣ್ಣ ವಿಷಯ ಅಲ್ಲ. ಇಲ್ಲಿಯ ನನ್ನ ಸಹೋದ್ಯೋಗಿಗಳಿಗೆ ಹೇಳಿದಾಗ ಅವರಿಗೆ ಆಶ್ಚರ್ಯ.

ಬೇಸರ ಏನೆಂದರೆ, ಮೂರು ಗಂಟೆ ಕೂತು ಬರೆದ ಪರೀಕ್ಷೆಗೆ ಇರುವ ಈ ಬಾಗಿಲು, ಆರು ತಿಂಗಳು ದುಡಿದು ಬರೆದ ಪ್ರಾಜೆಕ್ಟಿಗೆ ಬಂದಾಗ ಸಾಮಾನ್ಯವಾಗಿ ಮುಚ್ಚಿರುತ್ತದೆ. ಈಗ ಅದರ ಜೊತೆ, ಬೇರೆಯವರ ಬರಹಕ್ಕೆ ಪ್ರಬಂಧ ಎಷ್ಟು ಹೋಲುತ್ತದೆ ಅಂತ ಸಾಫ್ಟ್‌ವೇರ್ ತೋರಿಸುವ ಪರ್ಸೆಂಟಿನ ಚಿಂತೆ ಬೇರೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಹೋಲಿಕೆ 10% ಒಳಗಿದ್ದರೆ ದಂಡನೆ ಇಲ್ಲ. ನಿಯಮ ಬೇಕು, ಸರಿ. ಆದರೆ ನನ್ನ ಅಳಿಯ ಎರಡು ವಾರ ಕೂತು ಬೇರೆಯವರ ವಾಕ್ಯಗಳ ಪದ ಬದಲಿಸಿ 14% ಇದ್ದದ್ದನ್ನು 8%ಕ್ಕೆ ಇಳಿಸಿದ್ದಾನೆ. ಆ ಎರಡು ವಾರ 31ನೇ ಪುಟಕ್ಕೆ ಸಿಗಬೇಕಿತ್ತು.

ನಮ್ಮ ವಿಶ್ವವಿದ್ಯಾಲಯಗಳನ್ನು ನಾನು ಕೇಳುವುದು ದೊಡ್ಡದೇನಲ್ಲ. ಅಂಕಪಟ್ಟಿಯ ಆ ಒಂದು ಚೌಕದ ಪಕ್ಕ ಐದು ಸಾಲಿಗೆ ಜಾಗ ಮಾಡಿ. ಯಾವುದು ಚೆನ್ನಾಗಿದೆ, ಎಲ್ಲಿ ನಿಂತುಹೋಗಿದೆ, ಮುಂದೆ ಏನು ಮಾಡಬಹುದು. ಪ್ರತಿಯನ್ನು ವಿದ್ಯಾರ್ಥಿಗೆ ವಾಪಸು ಕೊಡಿ. ಹೊರಗಿನ ಪರೀಕ್ಷಕರಿಗೆ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಪ್ರಬಂಧ ಹೊರಿಸಬೇಡಿ. 88 ಬೇಕಾದರೆ 88ಏ ಇರಲಿ.

ಅಳಿಯ ನಾಲ್ಕು ದಿನ ಫೋನ್ ಮಾಡಲಿಲ್ಲ. ಐದನೇ ದಿನ ಬೆಳಿಗ್ಗೆ ಒಂದು ಸಂದೇಶ ಬಂದಿತ್ತು. "ಮಾಮ, ಆ 9 ಸುದ್ದೀಲಿ 6 ಒಬ್ರೇ ವರದಿಗಾರರು ಬರೆದಿದ್ದಾರೆ. ಅವರ ನಂಬರ್ ಸಿಕ್ಕಿದೆ. ಮಾತಾಡ್ಲಾ?"